ಅಂತರಿಕ್ಷಯಾನದ ಚಿತ್ರಗಳೂ ಜ್ಞಾಪಕವಸ್ತುಗಳೂ: ಅವನ್ನು ಕೂಡಿಸಿ ಕಾಪಾಡುವ ಬಗೆ

ಹಳೆಯ ವಸ್ತುಗಳನ್ನು ಕೂಡಿಸಿಡುವ ಅಭಿರುಚಿಯು ಮನುಷ್ಯನಿಗೆ ಸಹಜವಾದುದು. ಕೆಲವರು ನಾಣ್ಯಗಳನ್ನೂ, ಕೆಲವರು ಅಂಚೆಚೀಟಿಗಳನ್ನೂ, ಕೆಲವರು ಓಲೆಗರಿಗಳನ್ನೂ ಸಂಗ್ರಹಿಸುವರು. ನಮ್ಮ ಸೀಮೆಯ ಹೆಣ್ಣುಮಕ್ಕಳಂತೂ ಅಜ್ಜಿಯ ಸೀರೆಯನ್ನೂ, ಮದುವೆಯ ಲಗ್ನಪತ್ರಿಕೆಯನ್ನೂ, ಶಾಲೆಯಲ್ಲಿ ದೊರೆತ ಬಹುಮಾನದ ಪುಸ್ತಕವನ್ನೂ ತಗಡಿನ ಪೆಟ್ಟಿಗೆಯ ತಳದಲ್ಲಿ ಜೋಪಾನವಾಗಿಟ್ಟುಕೊಳ್ಳುವುದನ್ನು ಎಲ್ಲರೂ ಬಲ್ಲರು. ಕಳೆದ ಆರೇಳು ದಶಕಗಳಲ್ಲಿ ಈ ಸಂಗ್ರಹಗಳ ಸಾಲಿಗೆ ಹೊಸದೊಂದು ಬಗೆ ಸೇರಿರುವುದು. ಮನುಷ್ಯನು ಭೂಮಿಯನ್ನು ಬಿಟ್ಟು ಅಂತರಿಕ್ಷಕ್ಕೆ ಹೊರಟ ಕಾಲದ ಛಾಯಾಚಿತ್ರಗಳು, ವೃತ್ತಾಂತಪತ್ರಿಕೆಗಳು, ಅಂಚೆಚೀಟಿಗಳು, ನೋಟುಗಳು, ಚಿಕ್ಕ ಪುಸ್ತಕಗಳು ಮುಂತಾದವುಗಳನ್ನು ಆರಿಸಿ ಕಾಪಾಡುವುದೇ ಆ ಬಗೆ. ಹೊರದೇಶಗಳಲ್ಲಿ ಇದು ದೊಡ್ಡ ವಿದ್ಯೆಯಾಗಿಯೂ ದೊಡ್ಡ ವ್ಯಾಪಾರವಾಗಿಯೂ ಬೆಳೆದಿದೆ. ೨೦೨೦ನೆಯ ಇಸವಿಯಲ್ಲಿ ಲಂಡನ್ನಿನ ಕ್ರಿಸ್ಟೀಸ್ ಎಂಬ ಹರಾಜು ಸಂಸ್ಥೆಯವರು ಒಬ್ಬನೇ ಸಂಗ್ರಾಹಕನು ಕೂಡಿಸಿದ್ದ ಸುಮಾರು ೨,೪೦೦ ಅಂತರಿಕ್ಷ ಚಿತ್ರಗಳನ್ನು ೭೦೦ ಭಾಗಗಳಾಗಿ ವಿಂಗಡಿಸಿ ಹರಾಜಿಗೆ ಇಟ್ಟರು.

ಇದು ಲಂಡನ್ನಿನ ಸಂಗತಿಯಾಯಿತು. ಕಪಿಲೆಯ ದಡದ ನಂಜನಗೂಡಿಗೂ ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರಕ್ಕೂ ಇದರಿಂದ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ನಮ್ಮ ಉತ್ತರವು ಇಷ್ಟೇ. ಈ ಎರಡು ತಾಲ್ಲೂಕುಗಳ ಮನೆಗಳಲ್ಲಿಯೂ ಆ ಕಾಲದ ಕುರುಹುಗಳು ಇವೆ. ಯಾರೋ ಒಬ್ಬ ತಾತನು ಮಡಿಸಿಟ್ಟ ಪತ್ರಿಕೆ, ಯಾರೋ ಒಬ್ಬ ಉಪಾಧ್ಯಾಯಿನಿಯು ತರಗತಿಯ ಗೋಡೆಗೆ ಹಚ್ಚಲೆಂದು ತರಿಸಿದ ಚಿತ್ರಪಟ, ಯಾವಳೋ ಹುಡುಗಿಯ ಅಂಚೆಚೀಟಿಯ ಪುಸ್ತಕ, ಇವು ಇನ್ನೂ ಅಟ್ಟದ ಮೇಲೆ ಉಳಿದಿರಬಹುದು. ಅವುಗಳ ಬೆಲೆಯನ್ನು ತಿಳಿಯದವರ ಕೈಯಲ್ಲಿ ಅವು ಹಳೆಯ ಕಾಗದ ಕೊಳ್ಳುವವನ ತಕ್ಕಡಿಗೆ ಬೀಳುವುವು. ತಿಳಿದವರು ಇಟ್ಟರೂ ಇಡುವ ಕ್ರಮವನ್ನು ಅರಿಯದಿದ್ದರೆ ಗೆದ್ದಲಿಗೂ ತೇವಕ್ಕೂ ಆಹಾರವಾಗುವುವು. ಆದುದರಿಂದ ಏನನ್ನು ಹುಡುಕಬೇಕು, ನಿಜವಾದುದನ್ನು ಹೇಗೆ ಗುರುತಿಸಬೇಕು, ದೊರೆತುದನ್ನು ಹೇಗೆ ಕಾಪಾಡಬೇಕು ಎಂಬ ಮೂರು ವಿಷಯಗಳನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಇಲ್ಲಿ ಸಂಕ್ಷೇಪವಾಗಿ ತಿಳಿಸುವೆವು.

ಬೆಲೆಯರಿಯದೆ ಬಿದ್ದಿರುವ ವಸ್ತುವಿಗೆ ನಮ್ಮ ನಾಡಿನಲ್ಲಿಯೇ ಒಂದು ಸೊಗಸಾದ ನಿದರ್ಶನವುಂಟು. ಕಬ್ಬಿಣದ ಕೊಳವೆಯೊಳಗೆ ಮದ್ದು ತುಂಬಿ ಹಾರಿಸುವ ರಾಕೆಟ್ಟುಗಳನ್ನು ಹೈದರಾಲಿ ಟಿಪ್ಪುಸುಲ್ತಾನರ ಕಾಲದ ಮೈಸೂರಿನ ಸೈನ್ಯವು ಉಪಯೋಗಿಸುತ್ತಿದ್ದಿತು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅವುಗಳಲ್ಲಿ ಕೆಲವನ್ನು ಆಂಗ್ಲೇಯರು ತಮ್ಮ ದೇಶಕ್ಕೆ ಒಯ್ದರು. ವಿಲಿಯಂ ಕಾಂಗ್ರೀವ್ ಎಂಬಾತನು ಇವನ್ನು ಮಾದರಿಯಾಗಿಟ್ಟುಕೊಂಡು ಅಲ್ಲಿ ಹೊಸ ರಾಕೆಟ್ಟುಗಳನ್ನು ನಿರ್ಮಿಸಿದನು. ನಮ್ಮಲ್ಲಿಯಾದರೋ ಅವು ಕಥೆಯಾಗಿ ಮಾತ್ರವೇ ಉಳಿದಿದ್ದುವು. ಹೀಗಿರಲು ೨೦೧೮ನೆಯ ಇಸವಿಯಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರವೆಂಬ ಗ್ರಾಮದಲ್ಲಿ ಒಂದು ಹಾಳು ಬಾವಿಯನ್ನು ಅಗೆದಾಗ ಒಂದು ಸಾವಿರಕ್ಕಿಂತಲೂ ಹೆಚ್ಚು ರಾಕೆಟ್ಟುಗಳು ದೊರೆತುವು. ಅದಕ್ಕೂ ಮುಂಚೆ ೨೦೦೨ರಲ್ಲಿ ಅದೇ ಬಾವಿಯಲ್ಲಿ ಕೆಲವು ಕೊಳವೆಗಳು ಸಿಕ್ಕಿದ್ದರೂ ಅವು ರಾಕೆಟ್ಟುಗಳೆಂದು ಗುರುತಿಸಲು ಹಲವು ವರ್ಷಗಳೇ ಹಿಡಿದುವು. ಕಣ್ಣೆದುರಿಗಿದ್ದರೂ ಅರಿವಿಲ್ಲದಿದ್ದರೆ ವಸ್ತುವು ಇಲ್ಲದಂತೆಯೇ ಸರಿ.

ಇನ್ನು, ಮನೆಯಲ್ಲಿ ಹುಡುಕತಕ್ಕ ವಸ್ತುಗಳಾವುವೆಂಬುದನ್ನು ಹೇಳುವೆವು. ಮೊದಲನೆಯದು ವೃತ್ತಾಂತಪತ್ರಿಕೆ. ಮನುಷ್ಯನು ಚಂದ್ರನ ಮೇಲೆ ಮೊದಲು ಇಳಿದುದು ೧೯೬೯ನೆಯ ಜುಲೈ ೨೦ರಂದು ಎಂದು ಪುಸ್ತಕಗಳು ಹೇಳುವುವು. ಆದರೆ ಅದು ಅಮೆರಿಕದ ಲೆಕ್ಕ. ನಮ್ಮ ದೇಶದ ಗಡಿಯಾರದಂತೆ ನೌಕೆಯು ಚಂದ್ರನನ್ನು ಮುಟ್ಟಿದುದು ಜುಲೈ ೨೧ರ ಬೆಳಗಿನ ಜಾವ ೧ ಗಂಟೆ ೪೭ ನಿಮಿಷಕ್ಕೆ; ನೀಲ್ ಆರ್ಮ್‌ಸ್ಟ್ರಾಂಗನು ಕೆಳಗೆ ಕಾಲಿಟ್ಟುದು ಅದೇ ಬೆಳಿಗ್ಗೆ ೮ ಗಂಟೆ ೨೬ ನಿಮಿಷಕ್ಕೆ. ಅಷ್ಟು ಹೊತ್ತಿಗೆ ಅಂದಿನ ಬೆಳಗಿನ ಪತ್ರಿಕೆಗಳು ಅಚ್ಚಾಗಿ ಊರೂರಿಗೆ ಹೊರಟುಹೋಗಿದ್ದುವು. ಆದಕಾರಣ ಚಂದ್ರನ ಮೇಲಿನ ನಡಿಗೆಯ ಪೂರ್ಣ ವೃತ್ತಾಂತವು ನಮ್ಮ ಬೆಳಗಿನ ಪತ್ರಿಕೆಗಳಲ್ಲಿ ಬರಲು ಜುಲೈ ೨೨ರವರೆಗೂ ಕಾಯಬೇಕಾಯಿತು. ನಮ್ಮ ಸೀಮೆಯಲ್ಲಿ ಆಗ ದೂರದರ್ಶನವಿರಲಿಲ್ಲ. ಜನರು ರೇಡಿಯೋ ಕೇಳಿ ಮರುದಿನ ಪತ್ರಿಕೆಯಲ್ಲಿ ಚಿತ್ರವನ್ನು ನೋಡಿದರು. ಆದುದರಿಂದ ಆ ಎರಡು ದಿನಗಳ ಕನ್ನಡ ಪತ್ರಿಕೆ ಯಾರ ಮನೆಯಲ್ಲಾದರೂ ಇದ್ದರೆ, ಎರಡನ್ನೂ ಒಟ್ಟಿಗೆ ಇಡತಕ್ಕದ್ದು. ಒಂದರಲ್ಲಿ ನಿರೀಕ್ಷೆಯೂ ಇನ್ನೊಂದರಲ್ಲಿ ನೆರವೇರಿಕೆಯೂ ಇರುವುದು.

ಎರಡನೆಯದು ಅಂಚೆಚೀಟಿ. ನಮ್ಮ ದೇಶದ ಮೊದಲನೆಯ ಉಪಗ್ರಹವಾದ ಆರ್ಯಭಟವನ್ನು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದರು. ಆ ಕೆಲಸದ ಮುಂದಾಳಾಗಿದ್ದ ಉಡುಪಿ ರಾಮಚಂದ್ರ ರಾಯರು ಅದಮಾರಿನಲ್ಲಿ ಹುಟ್ಟಿ ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಓದಿದವರು ಎಂಬುದು ಮಿಷನ್ ಶಾಲೆಗಳವರಾದ ನಮಗೆ ಸಂತೋಷದ ಸಂಗತಿ. ೩೬೦ ಕಿಲೋಗ್ರಾಂ ತೂಕದ ಆ ಉಪಗ್ರಹವು ೧೯೭೫ನೆಯ ಏಪ್ರಿಲ್ ೧೯ರಂದು ಸೋವಿಯತ್ ದೇಶದಿಂದ ಮೇಲೇರಿತು. ಮರುದಿನವೇ ಅದರ ಚಿತ್ರವುಳ್ಳ ೨೫ ಪೈಸೆಯ ಚೀಟಿಯನ್ನು ನಮ್ಮ ಅಂಚೆ ಇಲಾಖೆಯವರು ಹೊರಡಿಸಿದರು. ವಿದ್ಯುತ್ತಿನ ದೋಷದಿಂದ ಅದರ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತುಹೋದರೂ ಕಲಿತ ಪಾಠವು ನಿಲ್ಲಲಿಲ್ಲ. ೧೯೭೨ರಲ್ಲಿ ವಿಕ್ರಂ ಸಾರಾಭಾಯಿಯವರ ನೆನಪಿಗೆ ಬಂದ ಚೀಟಿ, ೧೯೮೪ರಲ್ಲಿ ರಾಕೇಶ್ ಶರ್ಮರು ಸೋವಿಯತ್ ನೌಕೆಯಲ್ಲಿ ಹೋದಾಗ ಬಂದ ಚೀಟಿ, ಇವೂ ಕೂಡಿಸತಕ್ಕವೇ. ೧೯೯೨ರಲ್ಲಿ ಬಂದ ಸ್ಟೀಫನ್ ಸ್ಮಿತ್ ಎಂಬವರ ಚೀಟಿಯ ಹಿಂದೆ ಒಂದು ಸ್ವಾರಸ್ಯವಾದ ಕಥೆಯಿದೆ. ಆಂಗ್ಲೋ ಇಂಡಿಯನ್ ಮನೆತನದ ಈ ಮಹನೀಯರು ೧೯೩೪ರಿಂದ ಮೊದಲ್ಗೊಂಡು ಹಲವು ವರ್ಷಗಳ ಕಾಲ ವಂಗದೇಶದ ಕಡೆಯಲ್ಲಿ ರಾಕೆಟ್ಟಿನ ಮೂಲಕ ಕಾಗದಗಳನ್ನು ಕಳುಹಿಸುವ ಪ್ರಯೋಗ ಮಾಡಿದರು. ೧೯೩೫ರಲ್ಲಿ ದಾಮೋದರ ನದಿಯ ಒಂದು ದಡದಿಂದ ಇನ್ನೊಂದಕ್ಕೆ ಒಂದು ಹುಂಜವನ್ನೂ ಒಂದು ಹೇಂಟೆಯನ್ನೂ ರಾಕೆಟ್ಟಿನಲ್ಲಿ ಹಾರಿಸಿದರು. ಎರಡೂ ಜೀವಸಹಿತ ಇಳಿದುವು. ಅವುಗಳಿಗೆ ಆದಾಮ ಹವ್ವಳೆಂದು ಹೆಸರಿಟ್ಟಿದ್ದರಂತೆ! ಆ ರಾಕೆಟ್ಟುಗಳಲ್ಲಿ ಹೋಗಿ ಬಂದ ಲಕೋಟೆಗಳನ್ನು ಇಂದು ಸಂಗ್ರಾಹಕರು ಬಹಳ ಆದರದಿಂದ ಕೊಳ್ಳುತ್ತಾರೆ.

ಮೂರನೆಯದು ನೋಟು. ಆರ್ಯಭಟದ ಚಿತ್ರವಿದ್ದ ಎರಡು ರೂಪಾಯಿಯ ನೋಟು ಒಂದು ಕಾಲದಲ್ಲಿ ನಂಜನಗೂಡಿನ ಸಂತೆಯಲ್ಲಿಯೂ ನರಸೀಪುರದ ಬಸ್ಸಿನಲ್ಲಿಯೂ ಕೈಯಿಂದ ಕೈಗೆ ಓಡಾಡಿದುದು. ಹಿಂಬದಿಯಲ್ಲಿರುವ ಆ ಹಲವು ಮುಖಗಳ ಗೋಳವನ್ನು ಕಂಡವರು ಸಾವಿರಾರು ಮಂದಿ. ಅದು ಏನೆಂದು ಕೇಳಿದವರು ಎಷ್ಟು ಮಂದಿಯೋ ತಿಳಿಯದು. ೨೦೧೬ರಲ್ಲಿ ಬಂದ ಎರಡು ಸಾವಿರ ರೂಪಾಯಿಯ ನೋಟಿನ ಹಿಂಬದಿಯಲ್ಲಿ ಮಂಗಳಯಾನದ ಚಿತ್ರವಿದ್ದಿತು. ಆ ನೋಟು ಅಚ್ಚಾದ ಸ್ಥಳಗಳಲ್ಲಿ ನಮ್ಮ ಮೈಸೂರೂ ಒಂದು. ೨೦೨೩ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕಿನವರು ಅದನ್ನು ಚಲಾವಣೆಯಿಂದ ಹಿಂದಕ್ಕೆ ತೆಗೆದುಕೊಂಡರು. ಹೀಗೆ ಮೈಸೂರಿನಲ್ಲಿಯೇ ಅಚ್ಚಾದ ಅಂತರಿಕ್ಷದ ಕುರುಹು ಕೂಡ ಈಗ ಹಳೆಯ ವಸ್ತುಗಳ ಸಾಲಿಗೆ ಸೇರಿತು.

ನಾಲ್ಕನೆಯದು ಪುಸ್ತಕ ಮತ್ತು ಚಿತ್ರಪಟ. ಸೋವಿಯತ್ ದೇಶದಿಂದ ಬರುತ್ತಿದ್ದ ನಯವಾದ ಕಾಗದದ ಸಚಿತ್ರ ಪತ್ರಿಕೆಗಳೂ ಕಡಿಮೆ ಬೆಲೆಯ ಪುಸ್ತಕಗಳೂ ನಮ್ಮ ನಾಡಿನ ಅನೇಕ ಮನೆಗಳಿಗೂ ವಾಚನಾಲಯಗಳಿಗೂ ಬರುತ್ತಿದ್ದುವು. ಯೂರಿ ಗಗಾರಿನನ ಚಿತ್ರವನ್ನೂ, ೧೯೬೩ನೆಯ ಜೂನ್ ೧೬ರಂದು ಅಂತರಿಕ್ಷಕ್ಕೆ ಏರಿದ ಮೊದಲನೆಯ ಮಹಿಳೆ ವಲೆಂಟಿನಾ ತೆರೆಷ್ಕೋವಳ ಚಿತ್ರವನ್ನೂ ನಮ್ಮ ಸೀಮೆಯ ಎಷ್ಟೋ ಮಕ್ಕಳು ಮೊದಲು ಕಂಡುದು ಇಂತಹ ಪತ್ರಿಕೆಗಳಲ್ಲಿಯೇ. ಎಷ್ಟೋ ಕಡೆ ಆ ಹಾಳೆಗಳು ಶಾಲೆಯ ಪುಸ್ತಕಗಳಿಗೆ ಹೊದಿಕೆಯಾಗಿ ಸವೆದುಹೋದುವು. ಒಂದು ಹಾಳೆ ಉಳಿದಿದ್ದರೂ ಅದನ್ನು ಎಸೆಯಬಾರದು.

ಈಗ ಛಾಯಾಚಿತ್ರಗಳ ವಿಚಾರಕ್ಕೆ ಬರುವೆವು. ಸಂಗ್ರಾಹಕರಿಗೆ ಇದೇ ಮುಖ್ಯವಾದುದು. ಒಂದೇ ಚಿತ್ರವು ಮೂರು ರೂಪಗಳಲ್ಲಿ ಸಿಕ್ಕಬಹುದೆಂಬುದನ್ನು ಮೊದಲು ತಿಳಿಯಬೇಕು. ಚಿತ್ರವು ತೆಗೆಯಲ್ಪಟ್ಟ ಕಾಲದಲ್ಲಿಯೇ ಫಿಲ್ಮಿನಿಂದ ಕಾಗದಕ್ಕೆ ಇಳಿಸಿದ ಪ್ರತಿಯು ಒಂದು. ಪತ್ರಿಕಾ ಕಚೇರಿಗಳಿಗೆ ಕಳುಹಿಸಿದ, ಹಿಂಬದಿಯಲ್ಲಿ ತಾರೀಖಿನ ಮುದ್ರೆಯೂ ವಿವರವೂ ಇರುವ ಪ್ರತಿಯು ಎರಡು. ಅನಂತರದ ವರ್ಷಗಳಲ್ಲಿ ಮಾರಾಟಕ್ಕೋ ಅಲಂಕಾರಕ್ಕೋ ಅಚ್ಚು ಹಾಕಿದ ಪ್ರತಿಯು ಮೂರು. ಚಿತ್ರವು ಒಂದೇ ಆದರೂ ಬೆಲೆಯು ಮೊದಲನೆಯದಕ್ಕೂ ಎರಡನೆಯದಕ್ಕೂ ಹೆಚ್ಚು. ಅಮೆರಿಕದ ನಾಸಾ ಸಂಸ್ಥೆಯ ಆ ಕಾಲದ ಬಣ್ಣದ ಪ್ರತಿಗಳಲ್ಲಿ ಸಾಮಾನ್ಯವಾಗಿ ಮೇಲಿನ ಅಂಚಿನ ಬಿಳಿಯ ಜಾಗದಲ್ಲಿ ಕೆಂಪು ಶಾಯಿಯ ಸಂಖ್ಯೆಯೊಂದಿರುವುದು. ಹಿಂಬದಿಯಲ್ಲಿ ‘ಎ ಕೊಡಕ್ ಪೇಪರ್’ ಎಂಬ ಮಸುಕಾದ ಅಕ್ಷರಗಳು ಸಾಲುಸಾಲಾಗಿ ಕಾಣುವುವು. ಹಳೆಯ ಪ್ರತಿಗಳ ಕಾಗದವು ನಾರಿನದು; ೧೯೭೦ರ ದಶಕದ ಮೊದಲ ಭಾಗದಿಂದೀಚೆಗೆ ಪ್ಲಾಸ್ಟಿಕ್ಕಿನ ತೆಳುಲೇಪವಿರುವ ಕಾಗದವು ಬಳಕೆಗೆ ಬಂದಿತು. ಬೆರಳಿನಿಂದ ಅಂಚನ್ನು ಸವರಿದರೆ ಅಭ್ಯಾಸವುಳ್ಳವರಿಗೆ ಈ ಭೇದವು ಗೊತ್ತಾಗುವುದು.

ಆ ಸಂಖ್ಯೆಯನ್ನು ಓದುವ ಕ್ರಮವನ್ನೂ ಹೇಳುವೆವು. ‘ಎಎಸ್ ೧೧-೪೦-೫೯೦೩’ ಎಂದಿದ್ದರೆ ಅಪೋಲೋ ೧೧ನೆಯ ಯಾತ್ರೆ, ೪೦ನೆಯ ಫಿಲ್ಮ್ ಸುರುಳಿ, ೫೯೦೩ನೆಯ ಚಿತ್ರವೆಂದರ್ಥ. ಇದು ಆಲ್ಡ್ರಿನನು ಚಂದ್ರನ ಮೇಲೆ ನಿಂತಿರುವ ಪ್ರಸಿದ್ಧವಾದ ಚಿತ್ರ. ಅನೇಕರು ಇದನ್ನು ಆರ್ಮ್‌ಸ್ಟ್ರಾಂಗನ ಚಿತ್ರವೆಂದು ಭಾವಿಸುವರು. ಆದರೆ ಕ್ಯಾಮರಾ ಬಹುಮಟ್ಟಿಗೆ ಆರ್ಮ್‌ಸ್ಟ್ರಾಂಗನ ಬಳಿಯಲ್ಲಿಯೇ ಇದ್ದುದರಿಂದ ಚಂದ್ರನ ನೆಲದ ಮೇಲಿನ ಚಿತ್ರಗಳಲ್ಲಿ ಅವನು ಕಾಣುವುದು ಬಹಳ ವಿರಳ. ಆಲ್ಡ್ರಿನನ ಮುಖದ ಕನ್ನಡಿಯಂಥ ಗಾಜನ್ನು ದಿಟ್ಟಿಸಿ ನೋಡಿದರೆ ಅದರಲ್ಲಿ ಚಿತ್ರ ತೆಗೆಯುತ್ತಿರುವ ಆರ್ಮ್‌ಸ್ಟ್ರಾಂಗನು ಚಿಕ್ಕದಾಗಿ ಪ್ರತಿಬಿಂಬಿಸಿರುವನು. ಮೊದಲು ಕಾಲಿಟ್ಟವನು ಚಿತ್ರದಲ್ಲಿ ಹಿಂದೆ ನಿಂತಿರುವುದು ಮಕ್ಕಳಿಗೆ ಹೇಳತಕ್ಕ ಸಂಗತಿಯಾಗಿದೆ.

ಕ್ರೈಸ್ತ ಶಾಲೆಯವರಾದ ನಮಗೆ ವಿಶೇಷವಾಗಿ ಹತ್ತಿರವಾದ ಕೆಲವು ಚಿತ್ರಗಳೂ ವಸ್ತುಗಳೂ ಇವೆ. ೧೯೬೮ನೆಯ ಡಿಸೆಂಬರ್ ೨೪ರಂದು, ಅಂದರೆ ಕ್ರಿಸ್ತಜಯಂತಿಯ ಹಿಂದಿನ ದಿನ, ಅಪೋಲೋ ೮ರ ಮೂವರು ಯಾತ್ರಿಕರು ಚಂದ್ರನನ್ನು ಸುತ್ತುತ್ತಿರಲು, ಬೋಳು ನೆಲದ ಅಂಚಿನ ಮೇಲೆ ನೀಲಿಯ ಭೂಮಿಯು ಉದಯಿಸುವುದನ್ನು ವಿಲಿಯಂ ಆಂಡರ್ಸ್ ಎಂಬಾತನು ಕಂಡು ಚಿತ್ರ ತೆಗೆದನು. ಅದೇ ದಿನದ ಪ್ರಸಾರದಲ್ಲಿ ಆ ಮೂವರೂ ಆದಿಕಾಂಡದ ಮೊದಲನೆಯ ಅಧ್ಯಾಯದ ಮೊದಲ ಹತ್ತು ವಚನಗಳನ್ನು ಸರದಿಯಾಗಿ ಭೂಮಿಯವರಿಗೆ ಓದಿ ಕೇಳಿಸಿದರು. ೧೯೬೯ರಲ್ಲಿ ಅಮೆರಿಕದ ಅಂಚೆಯವರು ಆ ಚಿತ್ರವನ್ನೂ ಆ ಅಧ್ಯಾಯದ ಮೊದಲ ಮಾತುಗಳನ್ನೂ ಕೂಡಿಸಿ ೬ ಸೆಂಟಿನ ಚೀಟಿಯನ್ನು ಹೊರಡಿಸಿದರು. ಅದೇ ವರ್ಷದ ಜುಲೈಯಲ್ಲಿ ಆಲ್ಡ್ರಿನನು ಚಂದ್ರನ ಮೇಲೆ ಇಳಿದ ನೌಕೆಯೊಳಗೆ, ಹೊರಕ್ಕೆ ಕಾಲಿಡುವ ಮುಂಚೆಯೇ, ತನ್ನ ಸಭೆಯವರು ಕೊಟ್ಟಿದ್ದ ರೊಟ್ಟಿ ದ್ರಾಕ್ಷಾರಸಗಳಿಂದ ಕರ್ತನ ಭೋಜನವನ್ನು ಆಚರಿಸಿದನು. ಆಗ ಬಳಸಿದ ಚಿಕ್ಕ ಬೆಳ್ಳಿಯ ಪಾತ್ರೆಯು ಟೆಕ್ಸಾಸಿನ ವೆಬ್‌ಸ್ಟರ್ ಎಂಬ ಊರಿನ ಸಭೆಯ ವಶದಲ್ಲಿದೆ. ಅದನ್ನು ಹರಾಜಿಗೆ ಇಟ್ಟರೆ ಬರುವ ಹಣಕ್ಕೆ ಲೆಕ್ಕವಿರಲಾರದು. ಆದರೆ ಅವರು ಅದನ್ನು ಮಾರಲಿಲ್ಲ, ಕಾಪಾಡಿದರು.

ನಮ್ಮ ದೇಶದ ಅಂತರಿಕ್ಷಯಾನವೂ ಒಂದು ದೇವಾಲಯದ ಅಂಗಳದಿಂದಲೇ ಹೊರಟಿತೆಂಬುದನ್ನು ಹೊಸ ತಲೆಮಾರಿನವರಲ್ಲಿ ಕೆಲವರು ಅರಿಯರು. ತಿರುವನಂತಪುರದ ಬಳಿಯ ತುಂಬಾ ಎಂಬ ಮೀನುಗಾರರ ಹಳ್ಳಿಯಲ್ಲಿ ಭೂಮಿಯ ಕಾಂತೀಯ ಸಮಭಾಜಕ ರೇಖೆಯು ಹಾದುಹೋಗುವುದರಿಂದ ಅದೇ ರಾಕೆಟ್ಟಿಗೆ ತಕ್ಕ ಸ್ಥಳವೆಂದು ವಿಜ್ಞಾನಿಗಳು ಆರಿಸಿದರು. ಅಲ್ಲಿ ಮಗ್ದಲದ ಮರಿಯಳ ಹೆಸರಿನ ದೇವಾಲಯವಿದ್ದಿತು. ಬಿಷಪರಾದ ಪೀಟರ್ ಬರ್ನಾರ್ಡ್ ಪೆರೇರಾ ಅವರು ಸಭೆಯವರನ್ನು ಒಪ್ಪಿಸಿ ಆ ದೇವಾಲಯವನ್ನೂ ತಮ್ಮ ಮನೆಯನ್ನೂ ವಿಜ್ಞಾನದ ಕೆಲಸಕ್ಕೆ ಬಿಟ್ಟುಕೊಟ್ಟರು. ೧೯೬೩ನೆಯ ನವೆಂಬರ್ ೨೧ರಂದು ಅಲ್ಲಿಂದ ಮೊದಲನೆಯ ರಾಕೆಟ್ಟು ಹಾರಿತು. ಆ ದೇವಾಲಯದ ಕಟ್ಟಡವು ಈಗ ಅಂತರಿಕ್ಷ ವಸ್ತುಸಂಗ್ರಹಾಲಯವಾಗಿದೆ. ಅನುಕೂಲವುಳ್ಳ ತಾಯಿತಂದೆಗಳು ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯುವುದು ಒಳ್ಳೆಯದು. ೧೯೬೬ರಲ್ಲಿ ಫ್ರಾನ್ಸಿನ ಪ್ರಖ್ಯಾತ ಚಿತ್ರಗಾರ ಕಾರ್ತಿಯೇ ಬ್ರೆಸೋನನು ಅಲ್ಲಿಗೆ ಬಂದು, ಇಬ್ಬರು ರಾಕೆಟ್ಟಿನ ಮೂತಿಯನ್ನು ಬೈಸಿಕಲ್ಲಿನ ಮೇಲಿಟ್ಟು ತಳ್ಳಿಕೊಂಡು ಹೋಗುತ್ತಿರುವ ಚಿತ್ರವನ್ನು ತೆಗೆದನು. ಇದಕ್ಕೆ ಜೊತೆಯಾದುದು ಬೆಂಗಳೂರಿನ ಇನ್ನೊಂದು ಚಿತ್ರ. ೧೯೮೧ನೆಯ ಜೂನ್ ೧೯ರಂದು ಮೇಲೇರಿದ ಆಪಲ್ ಎಂಬ ಉಪಗ್ರಹವು ಎತ್ತಿನ ಗಾಡಿಯ ಮೇಲೆ ಕುಳಿತಿರುವುದು ಅದರಲ್ಲಿದೆ. ಇದನ್ನು ಕಂಡು ನಗುವವರೂ ಉಂಟು, ನಾಚುವವರೂ ಉಂಟು. ನಿಜವಾಗಿ ಅದು ಬಡತನದ ಗುರುತಲ್ಲ. ಉಪಗ್ರಹದ ಆಂಟೆನಾವನ್ನು ಪರೀಕ್ಷಿಸುವಾಗ ಕೆಳಗೆ ಲೋಹದ ವಾಹನವಿದ್ದರೆ ರೇಡಿಯೋ ಅಲೆಗಳು ಅದಕ್ಕೆ ತಾಗಿ ಅಳತೆಯು ಕೆಡುವುದು; ಬಯಲಿನಲ್ಲಿ ಮರದ ಗಾಡಿಯಾದರೆ ಆ ತೊಂದರೆಯಿಲ್ಲ. ನಂಜನಗೂಡಿನ ಜಾತ್ರೆಗೆ ಗಾಡಿ ಕಟ್ಟಿಕೊಂಡು ಬರುತ್ತಿದ್ದ ಹಿರಿಯರಿಗೆ ಈ ಮಾತನ್ನು ಹೇಳಿದರೆ ಅವರಿಗೂ ಸಂತೋಷವಾಗುವುದು.

ಈ ಗಾಡಿಯ ಚಿತ್ರದಿಂದ ನಾವು ಕಲಿಯಬೇಕಾದುದೇನೆಂದರೆ, ವಿವರವಿಲ್ಲದ ಚಿತ್ರವು ನೋಡುವವರನ್ನು ತಪ್ಪು ದಾರಿಗೆ ಎಳೆಯುವುದು ಎಂಬುದೇ. ಇದಕ್ಕೆ ನಮ್ಮ ಹೆಣ್ಣುಮಕ್ಕಳಿಗೆ ಸಂಬಂಧಪಟ್ಟ ಇನ್ನೊಂದು ಉದಾಹರಣೆಯನ್ನು ಕೊಡುವೆವು. ೨೦೧೪ನೆಯ ಸೆಪ್ಟೆಂಬರ್ ೨೪ರಂದು ಮಂಗಳಯಾನವು ಅಂಗಾರಕನನ್ನು ತಲಪಿದಾಗ ಬೆಂಗಳೂರಿನಲ್ಲಿ ರೇಷ್ಮೆ ಸೀರೆಯುಟ್ಟು ಹೂ ಮುಡಿದ ಮಹಿಳೆಯರು ಆನಂದದಿಂದ ಒಬ್ಬರನ್ನೊಬ್ಬರು ಅಭಿನಂದಿಸುತ್ತಿರುವ ಚಿತ್ರವು ಪ್ರಪಂಚವನ್ನೆಲ್ಲಾ ಸುತ್ತಿತು. ಇವರೇ ಆ ಯಾತ್ರೆಯ ವಿಜ್ಞಾನಿಗಳೆಂದು ಎಲ್ಲರೂ ಹೊಗಳಿದರು. ಅವರು ಕಚೇರಿಯ ಆಡಳಿತ ವಿಭಾಗದವರೆಂದು ಇಸ್ರೋ ಸಂಸ್ಥೆಯವರು ಆಮೇಲೆ ತಿಳಿಸಿದರು. ಮಹಿಳಾ ವಿಜ್ಞಾನಿಗಳು ಅದೇ ಹೊತ್ತಿನಲ್ಲಿ ನಿಯಂತ್ರಣದ ಕೋಣೆಯೊಳಗೆ ಕೆಲಸದಲ್ಲಿದ್ದರೆಂದೂ ಹೇಳಿದರು. ನಂದಿನಿ ಹರಿನಾಥ್, ರಿತು ಕರಿಧಾಲ್ ಮುಂತಾದವರು ಆ ಯಾತ್ರೆಯಲ್ಲಿ ದೊಡ್ಡ ಹೊಣೆ ಹೊತ್ತವರು. ೨೦೧೧ರಲ್ಲಿಯೇ ಟಿ. ಕೆ. ಅನುರಾಧಾ ಅವರು ಜಿಸ್ಯಾಟ್ ೧೨ ಎಂಬ ಉಪಗ್ರಹದ ಯೋಜನಾ ನಿರ್ದೇಶಕಿಯಾಗಿದ್ದರು. ೨೦೧೯ರ ಚಂದ್ರಯಾನ ೨ಕ್ಕೆ ಎಂ. ವನಿತಾ ಅವರು ಯೋಜನಾ ನಿರ್ದೇಶಕಿ. ೨೦೨೩ನೆಯ ಆಗಸ್ಟ್ ೨೩ರಂದು ಚಂದ್ರನ ದಕ್ಷಿಣ ಧ್ರುವದ ಕಡೆಯಲ್ಲಿ ಇಳಿದ ಚಂದ್ರಯಾನ ೩ಕ್ಕೆ ಕೆ. ಕಲ್ಪನಾ ಅವರು ಸಹಾಯಕ ಯೋಜನಾ ನಿರ್ದೇಶಕಿ. ಲೆಕ್ಕ ಬರೆದವರ ಸಂತೋಷವೂ ಸಂತೋಷವೇ; ಅವರ ಚಿತ್ರವೂ ಉಳಿಯತಕ್ಕುದೇ. ಆದರೆ ಯಾರು ಯಾರೆಂದು ಬರೆದಿಡದೆ ಹೋದರೆ ಇಬ್ಬರಿಗೂ ಅನ್ಯಾಯವಾಗುವುದು. ಚಿತ್ರದ ಮುಂಭಾಗವು ಕಣ್ಣಿಗೆ, ಹಿಂಭಾಗವು ಸತ್ಯಕ್ಕೆ ಎಂದು ಸಂಗ್ರಾಹಕರು ತಿಳಿದಿರಬೇಕು.

ಬೆಲೆಯಿರುವಲ್ಲಿ ಮೋಸವೂ ಇರುವುದು. ಅಂತರಿಕ್ಷಯಾತ್ರಿಕರ ಸಹಿಯುಳ್ಳ ಚಿತ್ರಗಳಲ್ಲಿ ಅನೇಕವು ಕೈಯಿಂದ ಬರೆದವಲ್ಲ. ಬೇಡಿಕೆಯು ಮಿತಿಮೀರಿದಾಗ ಲೇಖನಿಯನ್ನು ಹಿಡಿದು ಒಂದೇ ಸಹಿಯನ್ನು ಮತ್ತೆ ಮತ್ತೆ ಬರೆಯುವ ಯಂತ್ರವನ್ನು ಬಳಸುತ್ತಿದ್ದರು. ಎರಡು ಸಹಿಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದಾಗ ಕೂದಲೆಳೆಯಷ್ಟೂ ಭೇದವಿಲ್ಲದಿದ್ದರೆ ಅದು ಯಂತ್ರದ್ದೆಂದು ತಿಳಿಯಬಹುದು. ಮನುಷ್ಯನು ತನ್ನ ಹೆಸರನ್ನು ಎರಡು ಸಾರಿ ಒಂದೇ ತೆರನಾಗಿ ಬರೆಯಲಾರನು. ಇನ್ನು ಚಂದ್ರನ ಕಲ್ಲೆಂದು ಯಾರಾದರೂ ಮಾರಲು ಬಂದರೆ ನಂಬಬಾರದು. ಅಪೋಲೋ ಯಾತ್ರಿಕರು ತಂದ ಕಲ್ಲುಗಳು ಅಮೆರಿಕದ ಸರ್ಕಾರದ ಸೊತ್ತು, ಅವನ್ನು ಮಾರುವಂತಿಲ್ಲ. ಆಸೆಯು ದೊಡ್ಡವರನ್ನೂ ಬಿಡಲಿಲ್ಲ. ೧೯೭೧ರಲ್ಲಿ ಅಪೋಲೋ ೧೫ರ ಯಾತ್ರಿಕರು ಅಪ್ಪಣೆಯಿಲ್ಲದೆ ಸುಮಾರು ೪೦೦ ಲಕೋಟೆಗಳನ್ನು ಚಂದ್ರನವರೆಗೆ ಒಯ್ದು ತಂದರು. ಅವುಗಳಲ್ಲಿ ನೂರು ಲಕೋಟೆಗಳು ವ್ಯಾಪಾರಿಯ ಕೈ ಸೇರಿದುದು ಮರುವರ್ಷ ಬಯಲಾಗಿ ಅವರಿಗೆ ಅಪಕೀರ್ತಿಯುಂಟಾಯಿತು.

ಇದಕ್ಕೆ ವಿರುದ್ಧವಾದ ಇನ್ನೊಂದು ಕಥೆಯೂ ಉಂಟು. ೨೦೧೫ರಲ್ಲಿ ಅಮೆರಿಕದ ಒಬ್ಬ ಮಹಿಳೆಯು ಸರ್ಕಾರದ ಹರಾಜಿನಲ್ಲಿ ೯೯೫ ಡಾಲರು ಕೊಟ್ಟು ಒಂದು ಹಳೆಯ ಚೀಲವನ್ನು ಕೊಂಡಳು. ಪರೀಕ್ಷೆಗೆ ಕಳುಹಿಸಿದಾಗ ಅದು ಅಪೋಲೋ ೧೧ರಲ್ಲಿ ಆರ್ಮ್‌ಸ್ಟ್ರಾಂಗನು ಚಂದ್ರನ ಮಣ್ಣನ್ನು ತುಂಬಿ ತಂದ ಚೀಲವೆಂದು ತಿಳಿಯಿತು. ನಾಸಾದವರು ಅದನ್ನು ಹಿಂದಕ್ಕೆ ಕೊಡಲೊಪ್ಪದಿರಲು ಆಕೆಯು ನ್ಯಾಯಾಲಯಕ್ಕೆ ಹೋಗಿ ಗೆದ್ದಳು. ೨೦೧೭ರಲ್ಲಿ ಅದು ಹದಿನೆಂಟು ಲಕ್ಷ ಡಾಲರುಗಳಿಗೆ ಮಾರಾಟವಾಯಿತು. ಇಂತಹ ಭಾಗ್ಯವು ಎಲ್ಲರಿಗೂ ಬರುವುದೆಂದು ಆಸೆಪಡಲು ನಾವು ಈ ಕಥೆಯನ್ನು ಹೇಳಲಿಲ್ಲ. ತನ್ನ ಕೈಯಲ್ಲಿರುವುದು ಏನೆಂದು ಕೇಳಿ ತಿಳಿಯುವ ಕುತೂಹಲವು ಆಕೆಗಿದ್ದಿತು, ಮಾರಿದವರಿಗೆ ಇರಲಿಲ್ಲ. ಭೇದವು ಅಷ್ಟೇ.

ಇನ್ನು ಕಾಪಾಡುವ ಕ್ರಮ. ನಮ್ಮ ಎರಡು ಊರುಗಳೂ ಹೊಳೆಯ ದಡದವು. ೨೦೧೮ರಲ್ಲಿಯೂ ೨೦೧೯ರಲ್ಲಿಯೂ ಕಬಿನಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಪಿಲೆಯು ಉಕ್ಕಿ ನಂಜನಗೂಡಿನ ತಗ್ಗಿನ ಬೀದಿಗಳಿಗೆ ನೀರು ನುಗ್ಗಿದುದನ್ನು ಯಾರೂ ಮರೆತಿಲ್ಲ. ಪ್ರವಾಹವಿಲ್ಲದ ವರ್ಷದಲ್ಲಿಯೂ ಮಳೆಗಾಲದ ತೇವವು ಗೋಡೆಗಳಲ್ಲಿ ಇಳಿಯುತ್ತಿರುವುದು. ಆದಕಾರಣ ಚಿತ್ರಗಳನ್ನು ನೆಲದ ಮೇಲಿನ ಪೆಟ್ಟಿಗೆಯಲ್ಲಿಯೂ ಹೊರಗೋಡೆಗೆ ತಗುಲಿದ ಬೀರುವಿನಲ್ಲಿಯೂ ಇಡಬಾರದು. ಹಂಚಿನ ಕೆಳಗಿನ ಅಟ್ಟವು ಬೇಸಿಗೆಯಲ್ಲಿ ಕಾಯುವುದರಿಂದ ಅದೂ ಬೇಡ. ಮನೆಯ ನಡುವಣ ಕೋಣೆಯ ಎತ್ತರದ ಹಲಗೆಯೇ ಉತ್ತಮ. ಆ ಕಾಲದ ಬಣ್ಣದ ಚಿತ್ರಗಳ ಬಣ್ಣವು ಕತ್ತಲೆಯಲ್ಲಿಟ್ಟರೂ ಮೆಲ್ಲನೆ ಕುಂದುವುದು. ಮೊದಲು ನೀಲಿಯಂಶವು ಹೋಗಿ ಚಿತ್ರವೆಲ್ಲ ಕೆಂಪಾಗುವುದು. ಬಿಸಿಲೂ ಸೆಕೆಯೂ ಇದನ್ನು ಇನ್ನಷ್ಟು ಬೇಗ ಮಾಡುವುವು. ಕಪ್ಪುಬಿಳುಪಿನ ಚಿತ್ರಗಳು ಇದಕ್ಕಿಂತ ಹೆಚ್ಚು ಕಾಲ ಬಾಳುವುವು.

ಅಂಟುಹಾಳೆಯ ಆಲ್ಬಮ್ಮಿನಲ್ಲಿ ಚಿತ್ರಗಳನ್ನು ಇಡಬಾರದು. ಆ ಅಂಟು ಕಾಲಕ್ರಮದಲ್ಲಿ ಚಿತ್ರವನ್ನು ಕಚ್ಚಿ ಹಿಡಿಯುವುದು. ಸೆಲ್ಲೋ ಟೇಪನ್ನು ಹಚ್ಚುವುದು, ಲ್ಯಾಮಿನೇಷನ್ ಮಾಡಿಸುವುದು, ಬೆನ್ನಿಗೆ ಬಾಲ್ ಪೆನ್ನಿನಿಂದ ಬರೆಯುವುದು, ಈ ಮೂರೂ ಪ್ರೀತಿಯಿಂದ ಮಾಡುವ ಕೇಡುಗಳು. ಹಿಂಬದಿಯಲ್ಲಿ ಮೃದುವಾದ ಸೀಸದ ಕಡ್ಡಿಯಿಂದ ಹಗುರವಾಗಿ ಬರೆಯತಕ್ಕದ್ದು. ವಾಸನೆ ಬರುವ ಮೆತ್ತನೆಯ ಪಿ.ವಿ.ಸಿ. ಚೀಲಗಳು ಬೇಡ, ಪಾಲಿಪ್ರಾಪಿಲೀನ್ ಅಥವಾ ಪಾಲಿಯೆಸ್ಟರ್ ಹಾಳೆಯ ಚೀಲಗಳು ಆಗಬಹುದು. ವೃತ್ತಾಂತಪತ್ರಿಕೆಯ ಕಾಗದದಲ್ಲಿ ಆಮ್ಲವಿರುವುದರಿಂದ ಅದು ತಾನೂ ಕಂದುಬಣ್ಣಕ್ಕೆ ತಿರುಗಿ ಪುಡಿಯಾಗುವುದಲ್ಲದೆ ಪಕ್ಕದ ಚಿತ್ರವನ್ನೂ ಕೆಡಿಸುವುದ. ಆದುದರಿಂದ ಅದನ್ನು ಬೇರೆಯಾಗಿ, ಮಡಿಸದೆ, ಹಾಸಿ ಇಡಬೇಕು. ನುಸಿಗುಳಿಗೆಯನ್ನು ಚಿತ್ರಗಳ ಪಕ್ಕದಲ್ಲಿಡದೆ ವರುಷಕ್ಕೆ ಎರಡು ಸಾರಿ ಪೆಟ್ಟಿಗೆಯನ್ನು ತೆರೆದು ಗಾಳಿಯಾಡಿಸಿ, ನೋಡಿ, ಮತ್ತೆ ಮುಚ್ಚುವುದೇ ಹುಳುಗಳಿಗೆ ಒಳ್ಳೆಯ ಮದ್ದು.

ಒಂದು ವೇಳೆ ಚಿತ್ರಗಳು ನೀರಿನಲ್ಲಿ ನೆನೆದರೆ ಗಾಬರಿಪಡಬೇಕಾಗಿಲ್ಲ. ಒಂದಕ್ಕೊಂದು ಅಂಟಿದ ಚಿತ್ರಗಳನ್ನು ಒಣಗಿದ ಮೇಲೆ ಬಿಡಿಸಲು ಎಳೆದರೆ ಹರಿಯುವುವು. ಒಣಗುವ ಮುಂಚೆಯೇ ಶುದ್ಧವಾದ ತಣ್ಣೀರಿನ ತಟ್ಟೆಯಲ್ಲಿಟ್ಟು, ಚಿತ್ರದ ಮೈಯನ್ನು ಬೆರಳಿನಿಂದ ಮುಟ್ಟದೆ, ಮೆಲ್ಲನೆ ಬಿಡಿಸಿ, ಕೆಸರನ್ನು ತೊಳೆದು, ಶುಭ್ರವಾದ ಹತ್ತಿಯ ಬಟ್ಟೆಯ ಮೇಲೆ ಮುಖ ಮೇಲಾಗಿ ನೆರಳಿನಲ್ಲಿ ಹರಡಬೇಕು. ಬಿಸಿಲಿಗೆ ಹಾಕಬಾರದು, ಇಸ್ತ್ರಿ ಮಾಡಬಾರದು. ಈಗಿನ ಮನೆಯ ಪ್ರಿಂಟರಿನಲ್ಲಿ ಶಾಯಿಯಿಂದ ಅಚ್ಚಾದ ಚಿತ್ರಗಳನ್ನು ಮಾತ್ರ ನೀರಿನಲ್ಲಿ ಇಡಕೂಡದು, ಶಾಯಿಯು ಕರಗಿಹೋಗುವುದು. ಈ ಕ್ರಮವು ಚಂದ್ರನ ಚಿತ್ರಕ್ಕೆ ಮಾತ್ರವಲ್ಲ, ಅಜ್ಜಿಯ ಮದುವೆಯ ಚಿತ್ರಕ್ಕೂ ಸಲ್ಲುವುದು.

ಕಡೆಯದಾಗಿ ಒಂದು ಬಿನ್ನಹ. ಚಂದ್ರಯಾನ ೩ರ ಚಿತ್ರಗಳನ್ನು ನಾವೆಲ್ಲರೂ ಕೈಯಲ್ಲಿನ ಫೋನಿನಲ್ಲಿ ಕಂಡೆವು. ಕಾಗದದ ಮೇಲೆ ಕಂಡವರು ಕೆಲವರೇ. ಫೋನು ಕೆಟ್ಟರೆ ಅವು ಹೋಗುವುವು. ಆದುದರಿಂದ ಪ್ರತಿ ಮನೆಯವರೂ ಒಂದೆರಡು ಚಿತ್ರಗಳನ್ನಾದರೂ ಒಳ್ಳೆಯ ಕಾಗದದ ಮೇಲೆ ಅಚ್ಚು ಹಾಕಿಸಿ, ಅಂದು ನಾವು ಎಲ್ಲಿದ್ದೆವು, ಯಾರ ಜೊತೆಯಲ್ಲಿ ನೋಡಿದೆವು ಎಂಬುದನ್ನು ಹಿಂಬದಿಯಲ್ಲಿ ಬರೆದಿಡಬೇಕು. ಇದಕ್ಕಿಂತಲೂ ಅವಸರವಾದ ಕೆಲಸವೊಂದಿದೆ. ೧೯೬೯ರಲ್ಲಿ ಹತ್ತು ವರುಷದವರಾಗಿದ್ದ ಹುಡುಗಿಯರು ಈಗ ಅರುವತ್ತೈದನ್ನು ದಾಟಿದ ಅಜ್ಜಿಯರು. ಅಂದಿನ ಉಪಾಧ್ಯಾಯಿನಿಯರಲ್ಲಿ ಬದುಕಿರುವವರು ಬಹಳ ಕಡಿಮೆ. ರೇಡಿಯೋದ ಮುಂದೆ ಕುಳಿತು ಕೇಳಿದುದೇನು, ಹಳ್ಳಿಯ ಹಿರಿಯರು ನಂಬಿದರೋ ನಕ್ಕರೋ, ಅಂದು ಶಾಲೆಯ ಪ್ರಾರ್ಥನೆಯಲ್ಲಿ ಆ ಯಾತ್ರಿಕರನ್ನು ನೆನೆದರೋ ಎಂಬುದನ್ನು ಬಲ್ಲವರು ಅವರೇ. ವಸ್ತುವನ್ನು ಹಣಕ್ಕೆ ಕೊಳ್ಳಬಹುದು. ಈ ಮಾತುಗಳು ಯಾವ ಹರಾಜಿನಲ್ಲಿಯೂ ಸಿಕ್ಕುವುದಿಲ್ಲ. ನಮ್ಮ ಈಗಿನ ವಿದ್ಯಾರ್ಥಿನಿಯರು ರಜೆಯಲ್ಲಿ ತಮ್ಮ ಅಜ್ಜಿಯರ ಬಳಿ ಕುಳಿತು ಕೇಳಿ ಬರೆದುಕೊಳ್ಳಲಿ. ಪೂರ್ವ ವಿದ್ಯಾರ್ಥಿನಿಯರು ತಮ್ಮ ಪೆಟ್ಟಿಗೆಗಳನ್ನು ತೆರೆದು ನೋಡಲಿ.

ದೊರೆತ ವಸ್ತುವನ್ನು ಬಿಟ್ಟುಕೊಡಲು ಮನಸ್ಸಿಲ್ಲದವರು ಅದರ ಎರಡು ಮೈಗಳ ನಕಲನ್ನೂ ವಿವರವನ್ನೂ ಶಾಲೆಗೆ ಕಳುಹಿಸಿದರೂ ಸಾಕು. ಶಾಲೆಯ ವಾಚನಾಲಯದಲ್ಲಿ ಒಂದು ಬೀರು, ಒಂದು ಪಟ್ಟಿಯ ಪುಸ್ತಕ, ಅದನ್ನು ನೋಡಿಕೊಳ್ಳಲು ಇಬ್ಬರು ಹುಡುಗಿಯರು, ಇಷ್ಟಿದ್ದರೆ ಕೆಲಸವು ಆರಂಭವಾಗುವುದು. ಆಕಾಶವನ್ನು ದಿಟ್ಟಿಸಿದ ಕಾಲದ ನೆನಪು ನಮ್ಮ ಎರಡು ಹೊಳೆಗಳ ನಡುವಣ ಮನೆಗಳಲ್ಲಿ ಕೊಚ್ಚಿಹೋಗದೆ ಮುಂದಿನ ಮಕ್ಕಳ ಕೈಗೆ ತಲಪುವಂತೆ ದೇವರು ನಮ್ಮೆಲ್ಲರಿಗೂ ಶ್ರದ್ಧೆಯನ್ನೂ ತಾಳ್ಮೆಯನ್ನೂ ಅನುಗ್ರಹಿಸಲಿ.